ಸಂಗಮ್ಮ ಆರಿಸಿದ ಸಂಗೀತ

ಸಂಗಮ್ಮ ತೀರಿಕೊಂಡು ಒಂದು ತಾಸಾಗಿತ್ತು. ಆದರೆ ಅವಳಿಗೆ ಇನ್ನೂ ಕೇಳಿಸುತ್ತಿತ್ತು. ಗದಗಿನ ಮನೆಯ ಪಡಸಾಲೆಯಲ್ಲಿ, ವಾಡಿಕೆಯಂತೆ ವಿಭೂತಿ ಹಚ್ಚಿ ಗೋಡೆಗೆ ಆನಿಸಿ ಕೂಡಿಸಿದ್ದ ದೇಹದ ಕಿವಿಯ ಹಿಂದೆ ಹುಣಸೆ ಬೀಜದಷ್ಟಿದ್ದ ಯಂತ್ರವೊಂದು ಹಸಿರಾಗಿ ಮಿನುಗುತ್ತಿತ್ತು. ಅದರ ಹೆಸರು ಉಳಿಗಿವಿ.

ಹೃದಯ ನಿಂತ ಮೇಲೂ ಮಿದುಳಿನ ಶ್ರವಣಕೇಂದ್ರವನ್ನು ಸುಮಾರು ಆರು ತಾಸು ಜೀವಂತವಾಗಿಡುವ ಉಪಕರಣವದು. ನೋವಿಲ್ಲ, ನೋಟವಿಲ್ಲ; ಕೇಳುವುದು, ಕೇಳಿದ್ದನ್ನು ಅರಿಯುವುದು, ಅಷ್ಟೇ. ಹಿಂದೆ ಜನ ತಮ್ಮ ಅಂತ್ಯಯಾತ್ರೆಗೆ ಸಂಗೀತ ಆರಿಸುತ್ತಿದ್ದದ್ದು ಊರವರು ಕೇಳಲಿ ಎಂದು. ಈಗ ಕೇಳುವವರು ಸ್ವತಃ ಸತ್ತವರೇ ಆದ್ದರಿಂದ, ಬೀಗರ ಊಟಕ್ಕೆ ಅಡುಗೆ ಗೊತ್ತುಮಾಡುವವರ ಹಾಗೆ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಿದ್ದರು.

ಸಂಗಮ್ಮ ಮಾತ್ರ ತಲೆ ಕೆಡಿಸಿಕೊಂಡವಳಲ್ಲ. ಉಳಿಗಿವಿಯನ್ನು ರೂಪಿಸಿದ ಡಾ. ಇಂದುಧರ ಹೊನ್ನಳ್ಳಿಯ ಎದುರು ಕುಳಿತು ಖಡಾಖಂಡಿತವಾಗಿ ಹೇಳಿದ್ದಳು: “ಸರೋದ್ ಹಾಕ್ರಿ. ಮತ್ತ ನನ್ನ ನೆಗೆಣ್ಣಿ ನೀಲವ್ವನ ದನಿ ನನ್ನ ಕಿವಿಗೆ ಬೀಳಬಾರದು.”

“ಸರೋದ್ ಅಂದ್ರ ನಿಮಗ ಭಾಳ ಇಷ್ಟೇನ್ರಿ, ಅಮ್ಮಾರ?”

“ಇಷ್ಟ ಗಿಷ್ಟ ಏನಿಲ್ಲ. ಮರ್ಯಾದಸ್ಥರು ಕೇಳೂದು ಅದನ್ನ. ನೀಲವ್ವ ಹೆಣದ ಮುಂದ ಹಾಡ್ಯಾಡಿ ಅಳಾಕ ಕುಂತಳಂದ್ರ ಸತ್ತವರ ಹುಳುಕೆಲ್ಲ ಹೊರಗ ತೆಗೀತಾಳ. ಒಂದ ಒಲಿ ಮುಂದ ಕೇಳಿ ಕೇಳಿ ಸಾಕಾಗೇತಿ ನನಗ.”

ಹೊರಗಿನ ಸದ್ದನ್ನು ತಡೆಯಲು ಕರ್ಣಕವಾಟವಿದೆ, ಚಿಂತೆ ಬೇಡ ಎಂದ ಡಾಕ್ಟರ್. ಆ ಬಾಗಿಲನ್ನು ಒಬ್ಬರಿಗೆ ಮಾತ್ರ ತೆರೆಯಬೇಕಿತ್ತು: ಮಗಳು ಗೌರಿಗೆ. ತನಗೆ ಹೇಳದೆ ಮದುವೆಯಾದಳೆಂದು ಸಂಗಮ್ಮ ಅವಳನ್ನು ಹೊಸ್ತಿಲಿಂದಲೇ ಕಳಿಸಿದ್ದಳು. ಅಂದಿನಿಂದ ಗೌರಿಯೂ ಮಾತು ಬಿಟ್ಟಿದ್ದಳು. “ಅಕಿ ಒಮ್ಮೆ ಅವ್ವಾ ಅಂದ್ರ ಸಾಕ್ರಿ,” ಎಂದಿದ್ದಳು ಮುದುಕಿ.

ಗೌರಿ ಕಾರವಾರದಾಚೆಯ ಕಡಲತಳದ ಸಂಶೋಧನಾ ನೆಲೆಯಲ್ಲಿದ್ದಳು. ಸುದ್ದಿ ತಲುಪಿದ ಕೂಡಲೇ, “ಅವ್ವನ ಜೊತೆ ಮಾತಾಡಬೇಕು, ತಡೀರಿ” ಎಂದು ಸಂದೇಶ ಕಳಿಸಿ ಕಡಲಿನ ಮೇಲಕ್ಕೆ ಒಯ್ಯುವ ತೊಟ್ಟಿಲಿನಂಥ ಕೋಶ ಹತ್ತಿದ್ದಳು. ನೀರಿನ ಒತ್ತಡದಿಂದ ದೇಹವನ್ನು ನಿಧಾನವಾಗಿ ಬಿಡಿಸಬೇಕಾದ್ದರಿಂದ ಮೇಲೆ ಬರಲು ನಾಲ್ಕು ತಾಸು. ನೆಲೆಯಿಂದಾಗಲಿ ಕೋಶದಿಂದಾಗಲಿ ಬರಹವಷ್ಟೇ ಹೊರಡುತ್ತದೆ, ದನಿ ಹೊರಡುವಂತಿಲ್ಲ.

ಆದರೆ ಇತ್ತ ಹೆಣದ ಪಕ್ಕ ಕುಳಿತಿದ್ದ ಡಾಕ್ಟರನ ಕೈಯಲ್ಲಿದ್ದ ಪರದೆಯ ಮೇಲೆ, ಅವಳಿಗೆ ಕೇಳುವ ಮನಸ್ಸು ಎಷ್ಟಿದೆಯೆಂದು ತೋರಿಸುವ ಆಸಕ್ತಿರೇಖೆ ಆಗಲೇ ಇಳಿಯುತ್ತಿತ್ತು. ಕೇಳುವ ಆಸೆ ಇರುವತನಕ ಮಾತ್ರ ಶ್ರವಣಕೇಂದ್ರ ಬದುಕಿರುತ್ತದೆ ಎಂಬುದು ಅವನಿಗೆ ಹೊಳೆದದ್ದು ಈಗ. ಪ್ರಯೋಗಕ್ಕೆ ಬಂದವರೆಲ್ಲ ಸಂಗೀತಪ್ರಿಯರಾಗಿದ್ದರಿಂದ ಈ ದೋಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಸರೋದ್ ತೆಗೆದು ಭಜನೆ ಹಾಕಿದ, ಜಾನಪದ ಹಾಕಿದ, ಸಿನೆಮಾ ಹಾಡನ್ನೂ ಹಾಕಿದ. ರೇಖೆ ಕಿಮಕ್ಕೆನ್ನಲಿಲ್ಲ.

ಎದುರಿಗೇ ಕುಳಿತು ಅಳುತ್ತಿದ್ದ ವಾರಗಿತ್ತಿ ನೀಲವ್ವ ವಿಷಯ ಕೇಳಿ ಮೂಗು ಒರೆಸಿಕೊಂಡಳು. “ಬಾಗಿಲ ತೆಗೀರಿ ಡಾಕ್ಟರ್ರ. ಸಿಟ್ಟು ಬಂದ್ರ ನಮ್ಮಕ್ಕಗ ನಿದ್ದಿ ಹತ್ತೂದಿಲ್ಲ.”

“ಬ್ಯಾಡ ಅಂದಾರ್ರಿ ಅವರು. ನಾ ಮಾತು ಕೊಟ್ಟೇನಿ.”

“ಮಗಳ ದನಿ ಕೇಳದ ಹೋದ್ರ ಆ ಮಾತು ತಗೊಂಡು ಏನ್ ಮಾಡ್ತೀರಿ?”

ಡಾಕ್ಟರ್ ಕವಾಟ ತೆರೆದ. ನೀಲವ್ವ ದನಿ ಎತ್ತಿದಳು. “ಯಕ್ಕಾ, ನನ್ನ ತವರಿನ ತಾಮ್ರದ ಹಂಡೇವು ನಿಂದಂತ ಅಂದೆಲ್ಲ! ಬೀಗರ ಮುಂದ ನನ್ನ ಹೋಳಿಗಿ ಕಲ್ಲಾಗ್ಯಾವಂತ ಒಗದು ತೋರಿಸಿದೆಲ್ಲ!” ರೇಖೆ ಸರ್ರನೆ ಮೇಲೆದ್ದಿತು. ಅಷ್ಟು ಎತ್ತರವನ್ನು ಡಾಕ್ಟರ್ ಯಾವ ಪ್ರಯೋಗದಲ್ಲೂ ಕಂಡಿರಲಿಲ್ಲ.

ಎರಡು ತಾಸು ಬೈದು ನೀಲವ್ವನ ಗಂಟಲು ಬಿದ್ದಿತು. ಸಿಟ್ಟಿನ ಕೆಳಗಿದ್ದದ್ದು ತಾನಾಗಿ ಹೊರಬಂತು. “ನನ್ನ ಬಾಣಂತನ ಮಾಡಿದಾಕಿ ನೀನ ಯಕ್ಕಾ, ನನ್ನ ಕೂಸು ಹೋದಾಗ ಮೂರು ದಿನ ನನ್ನ ಬಿಟ್ಟು ಏಳಲಿಲ್ಲ...”

ರೇಖೆ ಕುಸಿಯತೊಡಗಿತು.

“ಅಮ್ಮಾರ, ಬೈರಿ! ಹೊಗಳಿದ್ರ ಸಮಾಧಾನಾಗಿ ಹೊಂಟಬಿಡ್ತಾರ.”

“ನಾ ಅಕಿಗೆ ಒಂದ ಒಂದು ಚೊಲೋ ಮಾತು ಹೇಳಬಾರದೇನ್ರಿ?”

“ಗೌರಿ ಬರೂತನಕ ಬ್ಯಾಡ್ರಿ.”

ನೀಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಶುರುಮಾಡಿದಳು. ನಿಜವಾದ ಜಗಳಗಳು ತೀರಿದ ಮೇಲೆ ಸುಳ್ಳು ಆರೋಪ ಹೊರಿಸಿದಳು. ಅದಕ್ಕೆ ರೇಖೆ ಇನ್ನೂ ಮೇಲೇರಿತು. ಕಣ್ಣೀರು ಧಾರಾಕಾರ, ಬಾಯಲ್ಲಿ ಬೈಗುಳ. ಬಂದ ಹೆಂಗಸರು ಇವಳಿಗೇನು ಬಂತಪ್ಪ ಎಂದು ಗುಸುಗುಟ್ಟಿದರು. ಅವಳು ಯಾರ ಕಡೆಗೂ ನೋಡಲಿಲ್ಲ.

ಕೊನೆಗೆ ಡಾಕ್ಟರನ ಫೋನ್ ಬಡಿದುಕೊಂಡಿತು. ಅವನು ಅದನ್ನು ಸಂಗಮ್ಮನ ಕಿವಿಗೆ ಹಿಡಿದ.

“ಅವ್ವಾ... ಅವ್ವಾ, ನಾನು ಗೌರಿ.”

ರೇಖೆ ಏರಲಿಲ್ಲ, ಇಳಿಯಲೂ ಇಲ್ಲ. ಮಗಳು ಮಾತಾಡಿದಷ್ಟು ಹೊತ್ತೂ ನೆಟ್ಟಗೆ ನಿಂತಿತ್ತು. ಆಮೇಲೆ ಹಸಿರು ದೀಪ ಆರಿತು. ಒಂದು ಒಳ್ಳೆಯ ಮಾತು ಹೇಳಲು ತನ್ನ ಸರದಿಗೆಂದು ಪಕ್ಕದಲ್ಲಿ ನಿಂತು ಕಾಯುತ್ತಿದ್ದ ನೀಲವ್ವ ಅಲ್ಲೇ ಕುಳಿತುಬಿಟ್ಟಳು.

ಸುದ್ದಿ ಹಬ್ಬಿತು. ಉಳಿಗಿವಿಗೆ ಹೆಸರು ಬರೆಸುವವರು ರಾಗಗಳನ್ನು ಬಿಟ್ಟು ಜಗಳಗಂಟ ನೆಂಟರನ್ನು ಹುಡುಕತೊಡಗಿದರು. ಮಾತು ಬಿಟ್ಟ ಅಣ್ಣತಮ್ಮಂದಿರ ಮನೆಗೆ ಹೋಗಿ ಬಂದವರೂ ಉಂಟು. ಡಾಕ್ಟರ್ ತಾನೇ ನೀಲವ್ವನ ಮನೆಗೆ ಬಂದ.

“ನಿಮಗೂ ಒಂದು ಹಾಕ್ತೀನ್ರಿ. ಯಾರ ದನಿ ಬೇಕು, ಹೇಳ್ರಿ.”

ನೀಲವ್ವ ಅವನ ಮುಂದೆ ಚಹಾ ಇಟ್ಟಳು.

“ಬ್ಯಾಡ್ರಿ. ನನ್ನ ಬೈಯಾಕಿ ಮೊದಲ ಹೋಗ್ಯಾಳ. ಮತ್ಯಾರ ಸಲುವಾಗಿ ತಡೀಲಿ?”