ಮೂರನೇ ಜಲಪಾತದ ಎರಡು ಬೋಲ್ಟುಗಳು

೨೦೧೪ನೇ ಇಸವಿ ಫೆಬ್ರವರಿ ೮, ಶನಿವಾರ. ಸಂಜೆ ಆರೂ ನಲವತ್ತಕ್ಕೆ ಪಶ್ಚಿಮ ಆಕ್ಲೆಂಡಿನ ಪೊಲೀಸ್ ಠಾಣೆಗೆ ಗ್ರೆಗ್ ಎಂಬಾತ ಒದ್ದೆ ಶೂಗಳಲ್ಲೇ ಬಂದ. ಜನರನ್ನು ಕಾಡಿನ ಕಮರಿಗೆ ಕರೆದೊಯ್ದು, ಹಗ್ಗದ ಮೇಲೆ ಜಲಪಾತ ಇಳಿಸಿ, ಮಡುವಿಗೆ ಹಾರಿಸಿ, ಸಂಜೆ ಹೊತ್ತಿಗೆ ಕ್ಷೇಮವಾಗಿ ಮನೆಗೆ ಕಳಿಸುವ ಕಂಪನಿಯ ಮಾಲೀಕ. ಅವತ್ತು ಕ್ಷೇಮ ಸ್ವಲ್ಪದರಲ್ಲಿ ತಪ್ಪಿತ್ತು.

ಡಿಟೆಕ್ಟಿವ್ ಸಾರ್ಜೆಂಟ್ ಅರುಂಧತಿ ಮನೆಗೆ ಹೊರಡಲು ಹೆಗಲಿಗೇರಿಸಿದ್ದ ಬ್ಯಾಗನ್ನು ಇಳಿಸಿದಳು. ಮೈಸೂರಿನಿಂದ ಬಂದು ಹದಿನಾರು ವರ್ಷವಾಗಿತ್ತು. ಅದರಲ್ಲಿ ಹತ್ತು ಈ ಇಲಾಖೆಯಲ್ಲೇ ಸವೆದಿದ್ದವು.

"ಹೇಳಿ."

"ನನ್ನ ಗೈಡ್ ನಾಲ್ಕು ಜನರನ್ನು ಕಮರಿಯ ನಡುವೆ ಸಿಕ್ಕಿಸಿಬಿಟ್ಟಳು. ಅದರಲ್ಲೊಬ್ಬಳು ಹದಿನಾಲ್ಕು ವರ್ಷದ ಹುಡುಗಿ. ಹೆಲಿಕಾಪ್ಟರ್ ಬಂದು ಎತ್ತುವಾಗ ತುಟಿ ನೀಲಿಗಟ್ಟಿತ್ತು."

ಆ ಕಮರಿಯಲ್ಲಿ ಒಂದರ ಕೆಳಗೊಂದು ಐದು ಜಲಪಾತ. ಪ್ರತಿಯೊಂದರ ತುದಿಯಲ್ಲೂ ಬಂಡೆಗೆ ಎರಡು ಬೋಲ್ಟು, ಬೋಲ್ಟಿಗೆ ಉಕ್ಕಿನ ಕಿವಿ, ಮೇಲೆ ಬಿಗಿಯಾದ ನಟ್ಟು. ಆ ಕಿವಿಗೆ ಹಗ್ಗ ಪೋಣಿಸಿ ಎಲ್ಲರೂ ಇಳಿದ ಮೇಲೆ ಹಗ್ಗವನ್ನು ಕೆಳಗೆಳೆದುಕೊಳ್ಳುತ್ತಾರೆ. ಎಳೆದುಕೊಂಡರೆ ಮುಗಿಯಿತು, ಹಿಂದಕ್ಕೆ ಹತ್ತುವ ದಾರಿಯೇ ಇಲ್ಲ. ಅವತ್ತು ಎರಡು ಜಲಪಾತ ಇಳಿದು ಮೂರನೆಯದರ ತುದಿಗೆ ಬಂದರೆ, ಬರೀ ಬೋಲ್ಟುಗಳು. ಕಿವಿಯೂ ಇಲ್ಲ, ನಟ್ಟೂ ಇಲ್ಲ. ಮೇಲೆ ಹೋಗುವಂತಿಲ್ಲ, ಕೆಳಗಿಳಿಯುವಂತಿಲ್ಲ. ಗೈಡ್ ತುರ್ತು ಸಂಕೇತ ಕೊಟ್ಟು, ಎಲ್ಲರನ್ನೂ ಒಬ್ಬರಿಗೊಬ್ಬರು ಅಪ್ಪಿಕೊಂಡು ಕೂರಿಸಿ, ಎರಡೂವರೆ ಗಂಟೆ ಹಾಡು ಹೇಳಿಸಿದ್ದಳು.

"ಗುರುವಾರದ ಟ್ರಿಪ್ಪಿನಲ್ಲಿ ನಟ್ಟು ಬಿಗಿಮಾಡಿದ್ದೀನಿ ಅಂತ ಪುಸ್ತಕದಲ್ಲಿ ಸಹಿ ಹಾಕಿದ್ದಾಳೆ," ಗ್ರೆಗ್ ಪುಸ್ತಕ ಮುಂದಿಟ್ಟ. "ಬಿಗಿಮಾಡಿದ್ದರೆ ಎಲ್ಲಿಗೆ ಹೋಗುತ್ತವೆ? ನೋಡದೆ ಸಹಿ ಹಾಕಿದ್ದಾಳೆ. ಸೋಮವಾರ ನಾನು ವರದಿ ಕಳಿಸಲೇಬೇಕು. ಅವಳ ಸರ್ಟಿಫಿಕೇಟ್ ಉಳಿಯೋದಿಲ್ಲ. ಈ ದೇಶದಲ್ಲಿ ಇನ್ನೆಲ್ಲೂ ಅವಳು ಹಗ್ಗ ಹಿಡಿಯೋ ಹಾಗಿಲ್ಲ."

ಸಹಿ ಕನ್ನಡದಲ್ಲಿತ್ತು: ಮೇಘಾ.

ಎಫ್‌ಐಆರ್ ಎಂಬ ಹೆಸರು ಇಲ್ಲಿಲ್ಲ. ಕಡತಕ್ಕೊಂದು ಸಂಖ್ಯೆ ಬೀಳುತ್ತದೆ, ಅಷ್ಟೆ. ಏಳೂ ಐದಕ್ಕೆ ಸಂಖ್ಯೆ ಬಿತ್ತು. ಕಂಬಳಿ ಹೊದ್ದು ಹೊರಗಿನ ಬೆಂಚಿನಲ್ಲಿ ಕೂತಿದ್ದ ಮೇಘಾಳನ್ನು ಅರುಂಧತಿ ಒಳಗೆ ಕರೆದಳು. ಇಪ್ಪತ್ತನಾಲ್ಕು ವರ್ಷ, ಎಡಹುಬ್ಬಿನ ಮೇಲೆ ಹೊಲಿಗೆ ಹಾಕಿದ ಗುರುತು.

"ಗುರುವಾರ ನಟ್ಟು ಬಿಗಿ ಇತ್ತಾ?"

"ಇತ್ತು ಆಂಟಿ."

"ಇವತ್ತು ಅಲ್ಲಿ ಏನು ನೋಡಿದೆ?"

"ನಥಿಂಗ್. ದೇ ವರ್ ಜಸ್ಟ್ ಗಾನ್."

"ಯಾರೋ ಬಿಚ್ಚಿರಬಹುದು ಅಂತ ಅನ್ಸುತ್ತಾ?"

ಮೇಘಾ ಕಂಬಳಿ ಎಳೆದುಕೊಂಡಳು. "ಐ ಡೋಂಟ್ ನೋ. ನನ್ನದೇ ತಪ್ಪಿರಬೇಕು."

ಹತ್ತು ವರ್ಷದಲ್ಲಿ ಅರುಂಧತಿ ಕಂಡಿದ್ದು 'ನಾನಲ್ಲ' ಎನ್ನುವವರನ್ನೇ. ಕೆಲಸ ಕಳೆದುಕೊಳ್ಳಲಿರುವ ಹುಡುಗಿ ಇಷ್ಟು ಸಲೀಸಾಗಿ ತಪ್ಪನ್ನು ಮೈಮೇಲೆ ಎಳೆದುಕೊಂಡಳಲ್ಲ ಎನಿಸಿತು. ಅವಳ ಉಗುರುಗಳ ಸಂದಿನಲ್ಲಿ ಕಪ್ಪು ಜಿಡ್ಡು ಕಂಡಿತು. ಏನದು ಎಂದರೆ, "ಹಗ್ಗದ ಕೊಳೆ," ಎಂದಳು.

ಭಾನುವಾರ ಬೆಳಿಗ್ಗೆ ಏಳೂವರೆಗೆ ಅರುಂಧತಿ, ಕಾನ್‌ಸ್ಟೇಬಲ್ ವಿರೆಮು ಮತ್ತು ರಕ್ಷಣಾ ತಂಡದ ಇಬ್ಬರು ಕಮರಿಗೆ ಹೋದರು. ಕಾರು ನಿಲ್ಲಿಸುವ ಜಾಗದಿಂದ ಹತ್ತು ನಿಮಿಷ ನಡೆದರೆ ಕಾಲುದಾರಿ ಮೂರನೇ ಜಲಪಾತದ ನೆತ್ತಿಯ ಮೇಲೇ ಹಾಯುತ್ತದೆ. ಅಲ್ಲಿಂದ ಇಣುಕಿದರೆ ಎರಡಾಳೆತ್ತರ ಕೆಳಗೆ ಬಂಡೆಯ ಚಾಚು, ಅದರಲ್ಲಿ ಬೋಲ್ಟುಗಳು. ನಡುವಿನ ಗೋಡೆ ಗಾಜಿನಷ್ಟು ನುಣುಪು.

"ಮೊದಲು ನೀವು, ಬಾಸ್," ಎಂದ ವಿರೆಮು. ಇಲ್ಲಿನ ಮೂಲನಿವಾಸಿ ಮಾವೊರಿ ಹುಡುಗ, ನಗು ತಡೆದುಕೊಂಡಿದ್ದ.

"ನನಗೇನಾದರೂ ಆದರೆ ಮಗಳನ್ನು ಡ್ಯಾನ್ಸ್ ಕ್ಲಾಸಿಗೆ ನೀನೇ ಕರ್ಕೊಂಡು ಹೋಗಬೇಕು."

"ಹಾಗಾದರೆ ಹಗ್ಗ ಎರಡು ಸಲ ನೋಡ್ತೀನಿ."

ಹಗ್ಗದಲ್ಲಿ ತೂಗಿ ಇಳಿದ ಅರುಂಧತಿ ಉಸಿರು ತಂದುಕೊಂಡು ಬೋಲ್ಟು ಮುಟ್ಟಿದಳು. ಬೆರಳಿಗೆ ಗ್ರೀಸು ಹತ್ತಿತು. ಥ್ರೆಡ್ಡಿನ ಸುತ್ತುಗಳಲ್ಲಿ ಒಂದೆಳೆ ಬಿಳಿ ನೂಲು ಸಿಕ್ಕಿಕೊಂಡಿತ್ತು. ನಾವು ಬೋಲ್ಟಿಗೆ ಗ್ರೀಸು ಹಚ್ಚುವುದೇ ಇಲ್ಲ ಎಂದು ಗ್ರೆಗ್ ಫೋನಿನಲ್ಲಿ ಖಚಿತವಾಗಿ ಹೇಳಿದ. ಅಷ್ಟರಲ್ಲಿ ವಿರೆಮು ಗೋಡೆಯ ಬುಡದ ಪಾಚಿಯಲ್ಲಿ ಎರಡು ಚೌಕ ಗುರುತು ತೋರಿಸಿದ. ನಡುವೆ ಒಂದೂವರೆ ಅಡಿ ಅಂತರ. ಮೇಲೆ ಬಂಡೆಯಂಚಿನಲ್ಲಿ ಬೆಳ್ಳಿ ಬಣ್ಣದ ಗೀರು.

"ಅಲ್ಯೂಮಿನಿಯಂ ಏಣಿ," ಎಂದ. "ಕಮರಿಗೆ ಏಣಿ ತರೋರು ಯಾರು ಬಾಸ್?"

"ಹಗ್ಗ ಗೊತ್ತಿಲ್ಲದೋರು."

ಆ ಮಾತು ಬಾಯಿಂದ ಬಂದ ಮೇಲೆ ಉಳಿದದ್ದು ತಾನಾಗಿ ಜೋಡಿಸಿಕೊಂಡಿತು. ಈ ಕಸುಬು ಬಲ್ಲವರು ಟ್ರಿಪ್ಪು ನಿಲ್ಲಿಸಬೇಕೆಂದರೆ ಮೊದಲನೇ ಜಲಪಾತದ ನಟ್ಟು ಬಿಚ್ಚುತ್ತಾರೆ; ಮೂರನೆಯದರದ್ದು ಬಿಚ್ಚಿದರೆ ಜನ ನಡುವೆ ಸಿಕ್ಕಿಬೀಳುತ್ತಾರೆ. ಇದು ಕಮರಿ ಗೊತ್ತಿಲ್ಲದ, ಆದರೆ ಸ್ಪ್ಯಾನರ್ ಚೆನ್ನಾಗಿ ಗೊತ್ತಿರುವ ಕೈ. ಬಿಚ್ಚಿದ ಬೋಲ್ಟು ತುಕ್ಕು ಹಿಡಿಯದಿರಲೆಂದು ಗ್ರೀಸು ಹಚ್ಚಿ ಬಟ್ಟೆ ಸುತ್ತಿದ ಕೈ. ಆ ಬಟ್ಟೆಯನ್ನು ಶನಿವಾರ ಯಾರೋ ಬಿಚ್ಚಿಕೊಂಡಿದ್ದರು. ಮೇಘಾಳ ಉಗುರಿನಲ್ಲಿ ಜಿಡ್ಡು ಉಳಿದಿತ್ತು. ಬಟ್ಟೆ ಮುಚ್ಚಿಟ್ಟು ತಪ್ಪನ್ನು ತನ್ನದೆಂದಳೆಂದರೆ, ಆ ಕೈ ಯಾರದೆಂದು ಅವಳಿಗೆ ನೋಡಿದ ಕ್ಷಣವೇ ಗೊತ್ತಾಗಿತ್ತು.

ಎಂಟೂ ಐವತ್ತರ ಹೊತ್ತಿಗೆ ಅಳತೆ, ಫೋಟೋ, ನೂಲಿನೆಳೆ ಎಲ್ಲ ದಾಖಲಾಯಿತು. ಪಂಚನಾಮೆಯೆಂಬ ಹೆಸರಿಲ್ಲದ ಪಂಚನಾಮೆ.

ಹತ್ತೂ ಐವತ್ತಕ್ಕೆ ಏವನ್‌ಡೇಲ್ ಬಡಾವಣೆಯಲ್ಲಿ ಮೇಘಾಳ ಮನೆ. ಅವಳ ತಾಯಿ ಗಂಗವ್ವ ಸಂಡೇ ಮಾರ್ಕೆಟ್ಟಿಗೆ ಹೋಗಿದ್ದರು. ತಂದೆ ಮಹಾಂತಪ್ಪ ಗ್ಯಾರೇಜಿನಲ್ಲಿದ್ದರು. ಅರವತ್ತೊಂದು ವರ್ಷ. ಮೊದಲು ಹುಬ್ಬಳ್ಳಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್, ಈಗ ಇಲ್ಲಿನ ಬೇಕರಿಯೊಂದರ ಯಂತ್ರಗಳ ಉಸ್ತುವಾರಿ. ಗೋಡೆಯ ಮೇಲೆ ಪ್ರತಿ ಉಪಕರಣಕ್ಕೂ ಪೆನ್ಸಿಲಿನಲ್ಲಿ ಬರೆದ ಆಕಾರ, ಅದರಲ್ಲೇ ಅದು. ಮೇಜಿನ ಮೇಲೆ ಬಿಚ್ಚಿಟ್ಟ ಲಾನ್‌ಮೋವರ್. ಅದರ ಬೋಲ್ಟು ಬೋಲ್ಟಿಗೂ ಬಿಳಿ ಬಟ್ಟೆ ಸುತ್ತಿ ದಾರ ಕಟ್ಟಿತ್ತು.

"ಕನ್ನಡದವರೇನ್ರಿ ಮೇಡಂ? ಬರ್ರಿ, ಕೂಡ್ರಿ. ಚಾ ಮಾಡ್ತೇನಿ."

"ಬೇಡ ಸರ್. ಇದಕ್ಕೆ ಬಟ್ಟೆ ಯಾಕೆ ಸುತ್ತಿದೀರಿ?"

"ಬಿಚ್ಚಿದ ಥ್ರೆಡ್ ಬರಿಮೈಲೆ ಬಿಡಬಾರದ್ರಿ. ನಮ್ಮ ಮೇಸ್ತ್ರಿ ಕಪಾಳಕ್ಕ ಹೊಡದು ಕಲಿಸ್ಯಾನ."

ವಿರೆಮು ಮೂಲೆಯ ಏಣಿ ಮಗುಚಿದ. ರಬ್ಬರ್ ಪಾದಗಳಲ್ಲಿ ಪಾಚಿ ಇನ್ನೂ ಹಸಿರಾಗಿತ್ತು. ಮಹಾಂತಪ್ಪ ಅದನ್ನು ನೋಡಿದರು.

"ಶುಕ್ರವಾರ ಎಲ್ಲಿದ್ರಿ ಸರ್?"

ಒಳಬಾಗಿಲಲ್ಲಿ ಮೇಘಾ ನಿಂತಿದ್ದಳು.

"ಆಂಟಿ, ನಾನೇ ಸರಿಯಾಗಿ ಚೆಕ್ ಮಾಡಿಲ್ಲ. ಐ ಟೋಲ್ಡ್ ಯೂ."

ಅರುಂಧತಿ ಅವಳತ್ತ ತಿರುಗಲಿಲ್ಲ. "ಸರ್, ನಾಳೆ ಅವಳ ಮಾಲೀಕ ವರದಿ ಕಳಿಸ್ತಾನೆ. ನೋಡದೆ ಸಹಿ ಹಾಕಿದಾಳೆ ಅಂತ. ಸರ್ಟಿಫಿಕೇಟ್ ಹೋಗುತ್ತೆ. ಮತ್ತೆ ಯಾವತ್ತೂ ಅವಳು ಕಮರಿಗೆ ಇಳಿಯೋ ಹಾಗಿಲ್ಲ."

ಮಹಾಂತಪ್ಪ ಮೇಜಿನ ಅಂಚನ್ನು ಸವರಿದರು. ಒಳಗೊಳಗೆ ಅವರು ಬಯಸಿದ್ದು ಅದೇ, ಮಗಳು ಕಮರಿಗಿಳಿಯದಿರುವುದು. ಸುಮ್ಮನಿದ್ದರೆ ಸಾಕಿತ್ತು, ತಾನಾಗಿ ಸಿಗುತ್ತಿತ್ತು. ತಾನೂ ಒಬ್ಬ ಮಗಳ ತಾಯಿಯಾದ ಅರುಂಧತಿಗೆ ಆ ಆಸೆ ಎಂಥದೆಂದು ಹೇಳಿಕೊಡಬೇಕಾಗಿರಲಿಲ್ಲ.

"ಖೊಟ್ಟಿ ಸಹಿ ಅಂತಾನೇನು ಅಂವಾ?" ಮಹಾಂತಪ್ಪ ಕೇಳಿದರು.

"ಹೌದು."

"ಅಪ್ಪಾ, ಡೋಂಟ್. ಪ್ಲೀಸ್."

"ಸುಮ್ನಿರು ಮಗಳ."

ಡ್ರಾಯರ್ ಎಳೆದರು. ತಂತಿಯೊಂದರಲ್ಲಿ ಕ್ರಮವಾಗಿ ಪೋಣಿಸಿದ ಎರಡು ಉಕ್ಕಿನ ಕಿವಿ, ಎರಡು ವಾಷರ್, ಎರಡು ನಟ್ಟು. "ನಾನ ಬಿಚ್ಚೇನ್ರಿ. ಶುಕ್ರವಾರ ಸಂಜಿ ಆರಕ್ಕ."

ಹನ್ನೊಂದೂ ಇಪ್ಪತ್ತೈದಕ್ಕೆ ಬಂಧನ. ಅವರ ಹಕ್ಕುಗಳನ್ನು ಅರುಂಧತಿ ಇಂಗ್ಲಿಷಿನಲ್ಲಿ ಓದಿದಳು, ಮತ್ತೆ ಕನ್ನಡದಲ್ಲಿ ಹೇಳಿದಳು. ಮೇಘಾ ಅಪ್ಪನ ಸ್ವೆಟರ್ ತಂದು ತಾನೇ ತೊಡಿಸಿದಳು. "ನಾಲ್ಕು ಜನ ಇದ್ರು ಅಪ್ಪಾ. ಒಂದು ಸಣ್ಣ ಹುಡುಗಿ."

"ಅಲ್ಲಿಂದ ಹೊಳ್ಳಿ ಬರಾಕ ಆಗಂಗಿಲ್ಲಂತ ನನಗ ಗೊತ್ತಿರಲಿಲ್ಲ ಮಗಳ," ಎಂದರು. "ನಟ್ ಇಲ್ಲಂದ್ರ ಮನಿಗೆ ಬರ್ತೀಯಂತ ತಿಳಕೊಂಡಿದ್ದೆ."

ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳಲು ಶುರುವಾದದ್ದು ಹನ್ನೆರಡೂವರೆಗೆ. ದುಭಾಷಿ ಫೋನಿನಲ್ಲಿದ್ದರು. ವಕೀಲರು ಬರುವ ತನಕ ಮಾತಾಡಬೇಕಿಲ್ಲ ಎಂದರೂ ಮಹಾಂತಪ್ಪ ಕೇಳಲಿಲ್ಲ. ಹೋದ ಬೇಸಿಗೆಯಲ್ಲಿ ಮಗಳು ಆ ಕಾಲುದಾರಿಗೆ ಕರೆದೊಯ್ದು, 'ಅಲ್ನೋಡು, ಆ ಎರಡು ಬೋಲ್ಟ್ ಮ್ಯಾಲೆ ನಾವೆಲ್ಲ ಜೋತು ಬೀಳೋದು' ಎಂದು ಹೆಮ್ಮೆಯಿಂದ ತೋರಿಸಿದ್ದಳಂತೆ.

"ಬೆರಳಿನಷ್ಟು ದಪ್ಪದ ಬೋಲ್ಟ್ ಮೇಡಂ. ಲೇಥ್ ಮಷಿನ್ ನೆಲಕ್ಕ ಕೂಡ್ಸಾಕ ನಾವು ಅದರ ಎರಡರಷ್ಟು ದಪ್ಪದ್ದು ಹಾಕ್ತಿದ್ವಿ. ಡಿಸೆಂಬರ್‌ದಾಗ ಹುಬ್ಬು ಹರ್ಕೊಂಡು ಬಂದ್ಲು. ನಕ್ಕೋತನ ಬಂದ್ಲು. ಅವತ್ತಿಂದ ಶನಿವಾರ ಬಂತಂದ್ರ ಊಟ ಇಳೀವಲ್ದು."

"ಬೇಡ ಅಂತ ಅವಳಿಗೆ ಹೇಳಬಹುದಿತ್ತಲ್ಲ ಸರ್."

"ಎಂಜಿನಿಯರಿಂಗ್ ಬಿಟ್ಟು ಮನ್ಯಾಗ ಎರಡು ವರ್ಷ ಮಾತಿಲ್ದ ಕುಂತಿದ್ಲು. ಈ ಕೆಲಸಕ್ಕ ಹೋದ ಮ್ಯಾಲೇ ನಕ್ಕಿದ್ದು. ಅದನ್ನ ಬ್ಯಾಡಂತ ಯಾವ ಬಾಯಿಲೆ ಹೇಳ್ಲಿ?" ಕನ್ನಡಕ ತೆಗೆದು ಒರೆಸಿಕೊಂಡರು. "ಒಂದು ಶನಿವಾರ ಮನ್ಯಾಗಿರ್ಲಿ ಅಂದ್ಕೊಂಡೆ. ಒಂದು."

ಓದಿಸಿ ಸಹಿಗೆ ಮುಂದಿಟ್ಟಾಗ ಮಹಾಂತಪ್ಪ ಪೆನ್ನು ಹಿಡಿಯಲಿಲ್ಲ.

"ಇನ್ನೊಂದು ಬರ್ಕೋರಿ."

"ಏನು?"

"ನಟ್ ಹೆಂಗಿದ್ವು ಅನ್ನೋದು. ನಾನು ಮೂವತ್ತೆಂಟು ವರ್ಷದ ಫಿಟ್ಟರ್. ಮೊದಲ ಸಲ ಹಾಕಿದಾಗ ಸ್ಪ್ಯಾನರ್ ಅಲುಗಲಿಲ್ಲ. ಎರಡೂ ಕೈ ಹಚ್ಚಿ, ಮೈಭಾರ ಹಾಕಿ ಜಗ್ಗಬೇಕಾತು. ಅಷ್ಟು ಬಿಗಿ. ಹಂಗ ಬಿಗಿ ಮಾಡೋ ಹುಡುಗರು ನಮ್ಮ ವರ್ಕ್‌ಶಾಪಿನ್ಯಾಗೂ ಇರಲಿಲ್ಲ."

ಅರುಂಧತಿ ಅವರು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದಳು.

"ಆಕಿ ಸಹಿ ಖರೇ ಐತಿ ಅಂತನೂ ಹಾಕ್ರಿ," ಎಂದರು ಮಹಾಂತಪ್ಪ. ಅದನ್ನೂ ಬರೆದ ಮೇಲೆ ಪೆನ್ನು ತೆಗೆದುಕೊಂಡು, ಅದರ ಕೆಳಗೆ ತಮ್ಮ ಸಹಿ ಹಾಕಿದರು.