ಆರೋಗ್ಯಮ್ಮನ ಕಲ್ಲು

"ಈಯಮ್ಮನಿಗೆ ಯಾರೂ ಇಲ್ಲ ಅಂದ್ರೆ, ನಾನ್ಯಾಕೆ ಆಗಬಾರ್ದು?"

ಚೌರಪ್ಪ ಇದನ್ನು ಬಾಯಿಬಿಟ್ಟೇ ಕೇಳಿದ. ಕೇಳಿಸಿಕೊಳ್ಳಲು ವೈಟ್‌ಫೀಲ್ಡಿನ ಆ ಹಳೆಯ ಸಮಾಧಿ ತೋಟದಲ್ಲಿ ಸತ್ತವರ ಹೊರತು ಯಾರೂ ಇರಲಿಲ್ಲ. ಮಿಸ್ ಮ್ಯೂರಿಯಲ್ ಹಾಲ್ಡೇನಳನ್ನು ಮಣ್ಣು ಮಾಡಲು ಬಂದಿದ್ದವರು ನಾಲ್ಕೇ ಜನ. ನಾಲ್ವರೂ ಕೈ ತೊಳೆದುಕೊಂಡು ಹೋಗಿದ್ದರು. ಮದುವೆಯಾಗದ, ಒಡಹುಟ್ಟಿದವರಿಲ್ಲದ ಆ ಮುದುಕಿ ಬಿಟ್ಟುಹೋದದ್ದು ಒಂದು ಹೆಂಚಿನ ಬಂಗಲೆ, ಅದರ ಸುತ್ತ ಒಂದು ಎಕರೆ ಮಾವಿನ ತೋಪು. ತೋಪಿನ ಮೂರು ಕಡೆಗೂ ಗಾಜಿನ ಕಟ್ಟಡಗಳು ಎದ್ದು ನಿಂತು ಒಳಗೆ ಇಣುಕುತ್ತಿದ್ದವು. ವಾರಸುದಾರರಿಲ್ಲದಿದ್ದರೆ ಅದೆಲ್ಲ ಸರ್ಕಾರಕ್ಕೆ.

ಇಪ್ಪತ್ತೆರಡು ವರ್ಷದಿಂದ ಚೌರಪ್ಪ ಆ ಸಮಾಧಿ ತೋಟದ ಚರ್ಚಿನ ಗುಮಾಸ್ತ. ಆಸ್ಟ್ರೇಲಿಯಾದಿಂದ, ಕೆನಡಾದಿಂದ ಬಂದವರು ಮುತ್ತಜ್ಜನ ಹೆಸರು ಹೇಳಿದರೆ ಸಾಕು, ಅರ್ಧ ಗಂಟೆಯಲ್ಲಿ ಸಾವಿನ ದಫ್ತರದ ಪುಟ ತೆಗೆದು, ಪಾಚಿ ಕೆರೆದು ಕಲ್ಲು ತೋರಿಸುತ್ತಿದ್ದ. ಅವರು ಅಳುತ್ತಿದ್ದರು, ಫೋಟೋ ಹಿಡಿಯುತ್ತಿದ್ದರು, ಇವನ ಕೈಗೆ ಚಾಕಲೇಟು ಕೊಟ್ಟು ಹೋಗುತ್ತಿದ್ದರು. ಇವನ ಸ್ವಂತ ತಾತ ಅಂತೋಣಪ್ಪ ಹಾಲ್ಡೇನ್ ಬಂಗಲೆಯಲ್ಲಿ ನಲವತ್ತು ವರ್ಷ ಅಡಿಗೆ ಮಾಡಿದವನು. ಅವನಿಗೆ ಕಲ್ಲಿಲ್ಲ. ಬಡವರ ಸಾಲಿನ ಗುಂಡಿಯನ್ನು ಕೆಲವು ವರ್ಷಕ್ಕೊಮ್ಮೆ ತೆರೆದು ಬೇರೆಯವರನ್ನು ಮಲಗಿಸುವುದು ವಾಡಿಕೆ. ಅಂತೋಣಪ್ಪನ ಮೇಲೆ ಆಗಲೇ ಮೂವರು ಮಲಗಿದ್ದರು. ಬಡಿಸಿದವನು ಅಡಿಗೆ, ಉಂಡವರು ಮೇಲೆ. ಇದು ಚೌರಪ್ಪನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

ಆತುರಪಡುವವನು ಕಳ್ಳ, ಕಾಯುವವನು ವಾರಸುದಾರ. ಹೀಗೆಂದುಕೊಂಡು ಅವನು ಮೂರು ವರ್ಷ ಕಾದ.

ಕತೆ ಸರಳವಾಗಿತ್ತು. ಮ್ಯೂರಿಯಲಳ ಅಪ್ಪ ಎಡ್ಗರ್ ಹಾಲ್ಡೇನ್ ವಿಧುರನಾದ ಮೇಲೆ ಆರೋಗ್ಯಮ್ಮ ಎಂಬ ಊರಿನ ಹೆಣ್ಣನ್ನು ಸದ್ದಿಲ್ಲದೆ ಮದುವೆಯಾದ. ಅವಳು ೧೯೩೧ರಲ್ಲಿ ಗಂಡುಮಗುವನ್ನು ಹೆತ್ತು ಸತ್ತಳು. ಮಗುವನ್ನು ಸಾಕಿದವನು ಅಡಿಗೆಯ ಅಂತೋಣಪ್ಪ. ಆ ಮಗು ರಾಯಪ್ಪ, ಚೌರಪ್ಪನ ತೀರಿಹೋದ ಅಪ್ಪ. ಇದರಲ್ಲಿ ಅಂತೋಣಪ್ಪನ ಹೆಂಡತಿಯಾಗಿದ್ದ ಅಜ್ಜಿಯ ಹೆಸರು ಆರೋಗ್ಯಮ್ಮ ಎಂಬುದು, ಅವಳು ಹೆರಿಗೆಯಲ್ಲಿ ಸತ್ತದ್ದು ಮಾತ್ರ ನಿಜ. ಅವಳು ಸತ್ತದ್ದು ತವರಿನಲ್ಲಿ, ಕೋಲಾರದ ಕಡೆ. ಅಲ್ಲಿ ಯಾರೂ ಏನನ್ನೂ ಬರೆದಿಟ್ಟಿರಲಿಲ್ಲ.

ಹುಟ್ಟಿದ ಮಕ್ಕಳ ಹೆಸರು, ಹೆತ್ತವರ ಹೆಸರು ಬರೆಯುವ ಆ ವರ್ಷಗಳ ಜ್ಞಾನಸ್ನಾನದ ದಫ್ತರವನ್ನು ಗೆದ್ದಲು ತಿಂದು ಎಷ್ಟೋ ಕಾಲವಾಗಿತ್ತು. ಅಪ್ಪನ ಹೆಸರಿನಲ್ಲಿದ್ದ ಏಕೈಕ ಕಾಗದ ಬೋರ್ಡಿಂಗ್ ಶಾಲೆಯದು. ಅದರಲ್ಲಿ 'ತಂದೆ ಅಥವಾ ಪೋಷಕ' ಎಂದು ಅಚ್ಚಾಗಿದ್ದ ಸಾಲಿನ ಮುಂದೆ ಅಂತೋಣಪ್ಪ ಎಂದಿತ್ತು. ಆ 'ಅಥವಾ'ದ ಸಂದಿಯಲ್ಲಿ ಒಂದು ಎಕರೆ ಹಿಡಿಸುತ್ತದೆಂದು ಅವನಿಗೆ ಕಂಡಿತು. ಉಳಿದದ್ದು ಸಾವಿನ ದಫ್ತರ. ಹಳೆಯ ಪಾದ್ರಿ ವರ್ಷದ ಕೊನೆಗೆ ಎರಡು ಗೆರೆ ಖಾಲಿ ಬಿಟ್ಟು ಹೊಸ ವರ್ಷಕ್ಕೆ ಹೋಗುತ್ತಿದ್ದ. ಹಾಗಾಗಿ ಆರೋಗ್ಯಮ್ಮ ಡಿಸೆಂಬರ್ ಇಪ್ಪತ್ತೊಂಬತ್ತಕ್ಕೆ ಸಾಯಬೇಕಾಯಿತು. ಮಸಿಗೆ ಟೀ ಡಿಕಾಕ್ಷನ್ ಬೆರೆಸಿ, ಬೀರುವಿನಲ್ಲಿದ್ದ ಹಳೇ ನಿಬ್ಬಿನಿಂದ, ತನ್ನ ಅಕ್ಷರಕ್ಕಿಂತ ಚೆನ್ನಾಗಿ ಬಲ್ಲ ಪಾದ್ರಿಯ ಅಕ್ಷರದಲ್ಲಿ ಬರೆದ: ಎಡ್ಗರ್ ಹಾಲ್ಡೇನನ ಹೆಂಡತಿ, ಹೆರಿಗೆ ಜ್ವರ. ಬಿಷಪ್ಪರ ಕಚೇರಿಗೆ ಹೋಗುತ್ತಿದ್ದ ನಕಲು? ಹಿಂದೊಮ್ಮೆ ಯಾರಿಗೋ ಬೇಕೆಂದು ಇವನೇ ಕೇಳಿ ಬರೆದಿದ್ದ. 'ಆ ವರ್ಷಗಳವು ಸಿಗುತ್ತಿಲ್ಲ' ಎಂಬ ಉತ್ತರವನ್ನು ಜೋಪಾನವಾಗಿ ಇಟ್ಟಿದ್ದ.

ಕಲ್ಲಿಗೆ ವೈಟ್‌ಫೀಲ್ಡಿನವರು ಬೇಡವೆಂದು ಹೆಬ್ಬಗೋಡಿಯ ಬಾಡಿಗೆ ಕೋಣೆಯಿಂದ ಭೀಮಪ್ಪನನ್ನು ಕರೆತಂದ. ಬಾಗಲಕೋಟೆ ಕಡೆಯ ಆ ಕಲ್ಲುಕುಟಿಗನಿಗೆ ಇಂಗ್ಲಿಷ್ ಬಾರದು. ಗೀಚಿಕೊಟ್ಟ ಗೆರೆಯ ಮೇಲೆ ಉಳಿ ಓಡಿಸಿದ. ಚರ್ಚಿನ ಹಿಂದೆ ಬಿದ್ದಿದ್ದ ಹಳೇ ಚಪ್ಪಡಿ, ಹೊಸ ಅಕ್ಷರ. ಗೋಡೆ ಪಕ್ಕದ ಖಾಲಿ ಮೂಲೆಯಲ್ಲಿ ನಿಲ್ಲಿಸಿ, ಚೌರಪ್ಪ ಅದಕ್ಕೆ ಸಗಣಿ ಕಲಸಿದ ಮಜ್ಜಿಗೆ ಬಳಿಯುವಾಗ ಭೀಮಪ್ಪ ನಕ್ಕ.

"ಏನ್ರೀ ಸಾಹೇಬ್ರ, ಮಂದಿ ವಯಸ್ಸ ಮುಚ್ಚಾಕ ತಲಿಗೆ ಕರೇ ಬಣ್ಣ ಬಳೀತಾರ. ನೀವು ಕಲ್ಲಿಗೆ ವಯಸ್ಸ ಬಳ್ಯಾಕ ಹತ್ತೀರಿ!"

"ಪಾಚಿ ಇದ್ರೆ ಕಲ್ಲು ತಂಪಾಗಿರುತ್ತೆ ಕಣಯ್ಯ."

"ಹೌದೇನ್ರಿ? ಹಂಗಾರ ಒಳಗಿರೋರಿಗೂ ಒಂದ್ ವಾಟೆ ಮಜ್ಜಿಗಿ ಕೊಡ್ರಿ."

ಎರಡು ಮಳೆಗಾಲದಲ್ಲಿ ಪಾಚಿ ಹಿಡಿಯಿತು. ಕಲ್ಲನ್ನು ತಾನೇ ಕಂಡುಹಿಡಿಯುವಷ್ಟು ದಡ್ಡ ಚೌರಪ್ಪನಲ್ಲ. ಪೂರ್ವಜರನ್ನು ಹುಡುಕುತ್ತ ಬಂದ ಕೆನಡಾದ ನಿವೃತ್ತ ಮೇಷ್ಟ್ರೊಬ್ಬರನ್ನು ಆ ಮೂಲೆಯ ಹಾದಿಯಲ್ಲೇ ಕರೆದುಕೊಂಡು ಹೋದ. ಮೇಷ್ಟ್ರು ಕಂಡ ಕಲ್ಲನ್ನೆಲ್ಲ ಫೋಟೋ ಹಿಡಿದು ಇಂಟರ್‌ನೆಟ್ಟಿಗೆ ಹಾಕುವವರು. ತಿಂಗಳಾದ ಮೇಲೆ ಅವರೇ ಬರೆದರು: 'ಹಾಲ್ಡೇನರಿಗೆ ಎರಡನೇ ಹೆಂಡತಿ ಇದ್ದದ್ದು ನಿಮಗೆ ಗೊತ್ತೇ?' ಚೌರಪ್ಪ ಪರಮಾಶ್ಚರ್ಯ ವ್ಯಕ್ತಪಡಿಸಿ ಉತ್ತರ ಬರೆದ. ಆಮೇಲೆ ವಕೀಲರನ್ನು ಕಂಡ.

ದಾವೆ ಹಾಕಿದ ದಿನ ಬಡವರ ಸಾಲಿನ ಹತ್ತಿರ ಅವನ ಕಾಲು ಒಂದು ಗಳಿಗೆ ನಿಂತಿತು. 'ತಾತಾ, ನಿನಗೆ ಅಮೃತಶಿಲೆಯಲ್ಲೇ ಕಟ್ಟಿಸ್ತೀನಿ' ಎಂದು ಮನಸ್ಸಿನಲ್ಲೇ ಹರಕೆ ಹೊತ್ತ. ಕೋರ್ಟಿನ ಕಾಗದದಲ್ಲಿ ಆ ತಾತ ತಾತನೇ ಅಲ್ಲವೆಂದು ಆಗಲೇ ರುಜು ಹಾಕಿಯಾಗಿತ್ತು.

೨೦೧೧ರ ಒಂದು ಶನಿವಾರ ಬೆಳಿಗ್ಗೆ ಸ್ಥಳ ನೋಡಿ ವರದಿ ಕೊಡಲು ಕೋರ್ಟು ನೇಮಿಸಿದ ಕಮಿಷನರ್ ಬಂದಳು. ಶಾಂಭವಿ ಎಂಬ ಎಳೆ ವಯಸ್ಸಿನ ವಕೀಲೆ. ದಫ್ತರವನ್ನು ಬೆಳಕಿಗೆ ಹಿಡಿದು ನೋಡಿದಳು, ಮೆಚ್ಚಿದಳು. ಕಲ್ಲಿನ ಪಾಚಿಯನ್ನು ಉಗುರಿನಲ್ಲಿ ಕೆರೆದಳು, ಅದು ಬಿಡಲಿಲ್ಲ. ಸಮಾಧಿಯ ಉದ್ದಗಲ ಅಳೆದು ನಕ್ಷೆ ಬರೆದುಕೊಂಡಳು. ಚೌರಪ್ಪನಿಗೆ ದೇವರು ತನ್ನ ಪಕ್ಕದಲ್ಲೇ ನಿಂತಂತೆ ಅನಿಸಿತು.

"ಎಲ್ಲ ಸರಿ ಇದೆ ಸಾರ್. ಈ ಸಮಾಧಿನ ಮೊದಲಿಂದ ನೋಡಿರೋ ಊರಿನ ಹಿರಿಯರು ಒಬ್ಬರು ಹೇಳಿಕೆ ಕೊಟ್ಟರೆ ಮುಗೀತು."

ಅದಕ್ಕೂ ಚೌರಪ್ಪ ಸಿದ್ಧನಿದ್ದ. ಚಿಕ್ಕಮುನಿಯಮ್ಮ ಗೇಟಿನ ಹತ್ತಿರ ಕುಡುಗೋಲು ಹಿಡಿದು ಕೂತಿದ್ದಳು. ಸಾಫ್ಟ್‌ವೇರ್ ಹುಡುಗಿಯರಿಗೆ ಮೂರಂತಸ್ತಿನ ಪಿ.ಜಿ. ಬಾಡಿಗೆಗೆ ಕೊಟ್ಟಿದ್ದರೂ ತನ್ನ ಒಂದು ಹಸುವಿಗೆ ಸಮಾಧಿ ತೋಟದ ಹುಲ್ಲನ್ನು ತಾನೇ ಕೊಯ್ಯುವ ಮುದುಕಿ. ಐವತ್ತು ವರ್ಷದಿಂದ ಇಲ್ಲಿ ಓಡಾಡಿದವಳು, ಅಕ್ಷರ ಬಾರದವಳು. ಸಾಕ್ಷಿಯನ್ನು ದೇವರೇ ಮಾಡಿ ಕಳಿಸಿದರೂ ಇದಕ್ಕಿಂತ ಚೆನ್ನಾಗಿ ಮಾಡಲಾರ. 'ಒಂದು ಹಳೇ ಸಮಾಧಿ ಇತ್ತು ಅಂತ ಹೆಬ್ಬೆಟ್ಟು ಒತ್ತಬೇಕಜ್ಜಿ' ಎಂದು ಹಿಂದಿನ ದಿನ ಕೇಳಿದ್ದಕ್ಕೆ, "ಆಯ್ತು ಬುಡು, ಅದ್ಕೇನು, ಎಬ್ಬೆಟ್ಟು ಸವೆದೋಯ್ತದಾ" ಎಂದಿದ್ದಳು. ಯಾವ ಸಮಾಧಿ ಎಂದು ಅವಳು ಕೇಳಲಿಲ್ಲ, ಇವನೂ ಹೇಳಲಿಲ್ಲ.

ಈಗ ಆ ಮೂಲೆಗೆ ಹತ್ತು ಹೆಜ್ಜೆ ಇರುವಾಗಲೇ ಅವಳು ಚಪ್ಪಲಿ ಬಿಟ್ಟಳು. ಸತ್ತವರ ಮೇಲೆ ಎಂಥಾ ಭಕ್ತಿ ಎಂದು ಚೌರಪ್ಪನ ಮನಸ್ಸು ತುಂಬಿಬಂತು. ಶಾಂಭವಿ ಅದನ್ನೂ ಗಮನಿಸಿದ್ದು ಕಂಡು ಇನ್ನಷ್ಟು ತುಂಬಿತು.

"ಇದಾ?" ಎಂದಳು ಮುದುಕಿ. "ಈ ಕಲ್ಲನ್ನ ಯಾರೋ ತಂದು ಇಲ್ಲಿ ಒರಗ್ಸವ್ರೆ ಅಂದ್ಕಂಡಿದ್ದೆ. ಇದರಡೀಲಿ ಎಣ ಐತೆ ಅಂತೀಯಾ? ಇದು ನಮ್ಮಾವ ವೆಂಕಟಪ್ಪನ ಕಣ ಕಣಪ್ಪ. ನಾನು ಮದ್ವೆಯಾಗಿ ಬಂದ್ಮ್ಯಾಲೂ ಇಲ್ಲೇ ರಾಗಿ ಒಕ್ಕಣೆ ಮಾಡ್ತಿದ್ದಿದ್ದು. ಈಗ್ಲೂ ಚಪ್ಲಿ ಆಕ್ಕಂಡು ತುಳಿಯಕ್ಕೆ ನಂಗೆ ಮನಸ್ಸು ಬರಾಕಿಲ್ಲ. ಚರ್ಚಿನೋರ್ಗೆ ಈ ಪಟ್ಟಿ ಮಾರಿ, ಗೋಡೆ ಆಚೆಗ್ ಸರಿದಿದ್ದು ನನ್ನ ದೊಡ್ಮಗ ಉಟ್ಟಿದ್ ವರ್ಸ. ರಾಶಿ ಪೂಜೆ ಮಾಡೋ ಕಣದಾಗೆ ಯಾರಾದ್ರೂ ಎಣ ಊಳ್ತಾರಾ?" ದೊಡ್ಡ ಮಗನಿಗೆ ಎಷ್ಟು ವಯಸ್ಸಜ್ಜಿ, ಎಂದು ಶಾಂಭವಿ ಮೆಲ್ಲಗೆ ಕೇಳಿದಳು. ಐವತ್ತು, ಎಂದಳು ಮುದುಕಿ. ದಫ್ತರದಲ್ಲಿ ಯಾರು, ಯಾವಾಗ ಎಂಬುದಿತ್ತು. ಗೋಡೆ ಎಲ್ಲಿತ್ತು ಎಂಬುದಿರಲಿಲ್ಲ. ಮೂವತ್ತೊಂದರಲ್ಲಿ ಸತ್ತ ಆರೋಗ್ಯಮ್ಮ ಅರವತ್ತೊಂದರವರೆಗೆ ರಾಗಿ ಒಕ್ಕಿದ ಕಣದಡಿಯಲ್ಲಿ ಮಲಗಿದ್ದಳೆಂದು ಶಾಂಭವಿಯ ಪೆನ್ನು ಬರೆದುಕೊಳ್ಳುತ್ತಿತ್ತು. "ಅಜ್ಜಿ, ವಯಸ್ಸಾಯ್ತು, ಮರೆತಿರ್ತೀಯ. ಒಂದೇ ಒಂದು ಹೆಬ್ಬೆಟ್ಟು, ನಿನ್ನ ದಮ್ಮಯ್ಯ," ಎಂದು ಚೌರಪ್ಪ ಶಾಯಿಯ ಪ್ಯಾಡನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದ. ಚಿಕ್ಕಮುನಿಯಮ್ಮ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಸಿಕೊಂಡು, "ಒತ್ತಾಕಿಲ್ಲ" ಎಂದಳು.