ರಜೆ ದಿನದ ಸುಳ್ಳು

"ಮೇಡಂ... ಏನಾಯ್ತು? ಬಿದ್ರಾ?!"

ಬಾಗಿಲು ತೆರೆದವನ ದನಿಗೆ ಅವಳು ಬೆಚ್ಚಿ ಕಣ್ಣು ತೆರೆದಳು.

ಕಿವಿ ಪರೀಕ್ಷೆ ಮಾಡುವ ಆ ಪುಟ್ಟ ಕೋಣೆಯೊಳಗೆ ಹೊರಗಿನ ಸದ್ದು ಬರುವುದಿಲ್ಲ. ಆಸ್ಪತ್ರೆಯಲ್ಲಿ ಅವಳ ಕೆಲಸವೇ ಅದು, ಬಂದವರ ಕಿವಿ ಎಷ್ಟು ಕೇಳುತ್ತದೆಂದು ನೋಡುವುದು. ಊಟದ ಬಿಡುವಿನಲ್ಲಿ ಯಾರೂ ಇತ್ತ ಬರುವುದಿಲ್ಲವೆಂದು ಮಂಡಿಯೂರಿ, ಕಣ್ಣು ಮುಚ್ಚಿ ಕುಳಿತಿದ್ದಳು. ಕೆನ್ನೆ ಒದ್ದೆಯಾಗಿತ್ತು.

"ಓಲೆ... ಕಿವಿಯೋಲೆ ಬಿದ್ದುಹೋಯ್ತು. ಹುಡುಕ್ತಿದ್ದೆ."

ಅಲ್ಲಿನ ಪರೀಕ್ಷೆಯ ಯಂತ್ರ ರಿಪೇರಿಗೆ ಬಂದಿದ್ದ ಅವನು ಕೈಲಿದ್ದ ಚೀಲ ಕೆಳಗಿಟ್ಟು, ತಾನೂ ನೆಲಕ್ಕೆ ಕೂತು ಹುಡುಕತೊಡಗಿದ. ಕುರ್ಚಿ ಸರಿಸಿದ, ಮೂಲೆಯ ಧೂಳನ್ನೆಲ್ಲ ಕೈಯಲ್ಲಿ ಸವರಿದ. ಆಮೇಲೆ ತಲೆಯೆತ್ತಿ ಅವಳನ್ನೇ ನೋಡಿದ.

"ಮೇಡಂ, ಎರಡು ಕಿವಿಲೂ ಓಲೆ ಇದೆಯಲ್ಲ!"

ಅಳುತ್ತಿದ್ದವಳಿಗೆ ನಗು ಉಕ್ಕಿಬಂತು. ಅವನೂ ನಕ್ಕ. ಯಾಕೆ ಅತ್ತದ್ದೆಂದು ಮಾತ್ರ ಕೇಳಲಿಲ್ಲ.

ಕೇಳದೇ ಬಿಟ್ಟನಲ್ಲ... ಅದಕ್ಕೇ ಇಷ್ಟವಾದ.

ಅಲ್ಲಿಂದ ಆ ಯಂತ್ರಕ್ಕೆ ಆಗಾಗ ಕಾಯಿಲೆ ಬರತೊಡಗಿತು! ರಿಪೇರಿ ಮುಗಿದ ಮೇಲೆ ಕ್ಯಾಂಟೀನಿನಲ್ಲಿ ಕಾಫಿ. ಕಾಫಿ ಮುಗಿದ ಮೇಲೂ ಮಾತು. 'ನೀವು' ಹೋಗಿ 'ನೀನು' ಯಾವಾಗ ಬಂತೋ ಇಬ್ಬರಿಗೂ ತಿಳಿಯಲಿಲ್ಲ.

ಆದರೂ ಅವಳೊಳಗೆ ಒಂದು ಮುಳ್ಳು ಆಡುತ್ತಲೇ ಇತ್ತು.

ಅಪ್ಪನದೊಂದು ಧರ್ಮ, ಅಮ್ಮನದೊಂದು. ಪ್ರೀತಿಸಿ ಮದುವೆಯಾಗಿ, ಎರಡೂ ಕಡೆಯವರಿಂದ ಬೈಸಿಕೊಂಡು, ಕೊನೆಗೆ ದೇವರ ಮಾತನ್ನೇ ಹೊಸಿಲಾಚೆ ಇಟ್ಟವರು. ಮಗಳಿಗೆ ಎರಡೂ ಇಲ್ಲ. ಆಸ್ಪತ್ರೆಯಲ್ಲಿ ಜೊತೆಯವರು ಸಂಬಳ, ವಿಚ್ಛೇದನ ಎಲ್ಲವನ್ನೂ ಬಿಚ್ಚಿ ಮಾತಾಡುತ್ತಿದ್ದರು. ದೇವರೆಂದರೆ ಮಾತ್ರ ಮುಸಿಮುಸಿ ನಗು.

ಅವಳೂ ಹಾಗೇ ನಕ್ಕವಳೇ. ಅಪ್ಪನ ಎದೆಯ ಆಪರೇಷನ್ ಆಗುವವರೆಗೆ.

ಅಂದು ಮುಚ್ಚಿದ ಬಾಗಿಲ ಮುಂದೆ, 'ಯಾರಾದ್ರೂ ಇದ್ದೀರಾ?' ಎಂದು ಮನಸ್ಸಿನಲ್ಲೇ ಕೇಳಿದ್ದಳು. ಉತ್ತರವೇನೂ ಬರಲಿಲ್ಲ. ಆದರೆ ತಾನೊಬ್ಬಳೇ ನಿಂತಿಲ್ಲ ಎನ್ನಿಸಿತ್ತು. ಅಪ್ಪ ಉಳಿದ. ಆ ಅನ್ನಿಸಿಕೆಯೂ ಉಳಿಯಿತು... ನಿದ್ದೆ ಕೊಡದೆ, ನೆಮ್ಮದಿ ಕೊಡದೆ, ಕೈಬಿಡದೆ!

ಹುಡುಕುತ್ತ ಹೋದವಳ ಕಾಲು ನಿಂತದ್ದು, ಅಪ್ಪ ಎಂದೋ ಬಿಟ್ಟುಬಂದ ಪ್ರಾರ್ಥನಾ ಮಂದಿರದಲ್ಲಿ. ರಿಪೇರಿಯವನು ಬಾಗಿಲು ತೆರೆದ ದಿನವೂ ಅವಳು ಪ್ರಾರ್ಥಿಸುತ್ತಿದ್ದಳು.

ಒಮ್ಮೆ ಮೆಲ್ಲಗೆ ಅವನನ್ನು ಕೇಳಿದ್ದಳು. "ದೇವರ ಬಗ್ಗೆ ನಿಂಗೇನನ್ಸುತ್ತೆ?"

"ಆ ಸುದ್ದಿ ಬೇಡ ಮಾರಾಯ್ತಿ! ನಮ್ಮಣ್ಣ ಅದರ ಹಿಂದೆ ಬಿದ್ದು ಹೆಂಡ್ತಿ ಮಕ್ಕಳನ್ನೇ ಮರೆತ."

ಅಂದಿನಿಂದ ರಜೆ ದಿನ ಎಲ್ಲಿಗೆಂದು ಕೇಳಿದರೆ "ಡ್ಯೂಟಿ" ಎನ್ನತೊಡಗಿದಳು.

ಒಂದು ರಜೆಯ ದಿನ ಅವನು ಊಟ ಕಟ್ಟಿಸಿಕೊಂಡು ಆಸ್ಪತ್ರೆಗೇ ಬಂದ. ಅವಳ ಕೋಣೆಗೆ ಬೀಗ ಬಿದ್ದಿತ್ತು!

ಸಂಜೆ ಬಸ್ ನಿಲ್ದಾಣದಲ್ಲಿ ಅವಳೆದುರು ನಿಂತಾಗ ಅವನ ಮುಖ ಬಾಡಿತ್ತು.

"ನಿಜ ಹೇಳು. ಇನ್ನೊಬ್ಬರಿದ್ದಾರಾ?"

ದೇವರು... ಎನ್ನಲು ಹೊರಟಳು. ನಕ್ಕುಬಿಟ್ಟರೆ? ಅಣ್ಣನ ಹಾಗೆ ಇವಳೂ ಎಂದು ದೂರ ಸರಿದರೆ?

"ಇದ್ದಾರೆ," ಅಂದುಬಿಟ್ಟಳು.

ಅವನು ತಿರುಗಿ ನಡೆದ. 'ಕರಿ, ಈಗಲೇ ಕರಿ!' ಎಂದು ಮನಸ್ಸು ಚೀರಿತು. ಅವಳು ಕರೆಯಲಿಲ್ಲ.

ಮನೆಯಲ್ಲಿ ಅಮ್ಮ ಬಟ್ಟೆ ಮಡಚುತ್ತಿದ್ದಳು. ಅಪ್ಪ ಮಾತ್ರೆ ನುಂಗುತ್ತಿದ್ದ. ಮಗಳ ಅಳು ತಡೆಯಲಾರದೆ ಒಡೆಯಿತು. ಎಲ್ಲವನ್ನೂ ಹೇಳಿಬಿಟ್ಟಳು.

ಸಿಟ್ಟು ಅಪ್ಪನಿಗೆ ಬರುತ್ತದೆಂದುಕೊಂಡಿದ್ದಳು. ಬಂದದ್ದು ಅಮ್ಮನಿಗೆ!

"ಅಲ್ಲಿಗಾ?! ಆ ಬಾಗಿಲಲ್ಲಿ ನಿಮ್ಮಪ್ಪನ್ನ ನಿಲ್ಲಿಸಿ ನನ್ನ ಹೆಸರು ಹಿಡಿದು ಬೈದ್ರು ಕಣೇ. ಅಲ್ಲಿಗೇ ಹೋಗ್ಬೇಕಿತ್ತಾ ನೀನು?"

"ಅಮ್ಮಾ, ಅವರಿಗೋಸ್ಕರ ಹೋಗ್ತಿಲ್ಲ..."

"ಮತ್ತೆ ಯಾರಿಗೋಸ್ಕರ?"

ಅವಳು ಅಪ್ಪನತ್ತ ನೋಡಿದಳು.

ಅಪ್ಪ ನೀರಿನ ಲೋಟ ಕೆಳಗಿಟ್ಟ. "ನಾನು ನಿಮ್ಮಮ್ಮನಿಗೋಸ್ಕರ ಬಿಟ್ಟೆ ಪುಟ್ಟಿ. ಇವತ್ತಿಗೂ ಬೇಜಾರಿಲ್ಲ. ಆದ್ರೆ ನೀನು ನಮಗೋಸ್ಕರ ಬಿಡಬೇಡ."

ಅಮ್ಮ ಮಾತು ಬಿಟ್ಟಳು. ವಾರವೆಲ್ಲ ಪಾತ್ರೆಗಳದ್ದೇ ಸದ್ದು. ಮುಂದಿನ ರಜೆಯ ಬೆಳಿಗ್ಗೆ ಅವಳು ಹೊರಡುವಾಗ, ಇಸ್ತ್ರಿ ಮಾಡಿದ ಬಟ್ಟೆ ಹಾಸಿಗೆಯ ಮೇಲೆ ಬಂದು ಬಿತ್ತು.

"ಸುಕ್ಕು ಬಟ್ಟೇಲಿ ಹೋಗ್ಬೇಡ. ಅದಕ್ಕೂ ನನ್ನನ್ನೇ ಅಂತಾರೆ."

ಅಮ್ಮನನ್ನು ಹಿಂದಿನಿಂದ ತಬ್ಬಿಕೊಂಡಳು. ಅಮ್ಮ ತಿರುಗಲಿಲ್ಲ. ಆದರೆ ಮಗಳ ಕೈಯನ್ನು ಬಿಡಿಸಿಕೊಳ್ಳಲೂ ಇಲ್ಲ.

ದಾರಿಯಲ್ಲೇ ಅವನಿಗೆ ಫೋನ್ ಮಾಡಿದಳು.

"ಇನ್ನೊಬ್ಬರು ಅಂದ್ನಲ್ಲ... ಅದು ಮನುಷ್ಯರಲ್ಲ. ದೇವರು. ರಜೆ ದಿನ ಪ್ರಾರ್ಥನೆಗೆ ಹೋಗ್ತೀನಿ." ಒಂದೇ ಉಸಿರಿಗೆ ಮಂದಿರ ಇರುವ ಬೀದಿಯನ್ನೂ ಹೇಳಿದಳು. "ನಗೋದಾದ್ರೆ ನಕ್ಕುಬಿಡು."

ಅತ್ತ ಕಡೆಯಿಂದ ಕಾಲ್ ಕಟ್ಟಾಯಿತು.

ಪ್ರಾರ್ಥನೆಯ ಹೊತ್ತಿನಲ್ಲೂ ಮನಸ್ಸು ನಿಲ್ಲಲಿಲ್ಲ. ಹಿಂದೆ ಕೂತವರ ಕೆಮ್ಮು, ಮುಂದೆ ಕೂತವರ ಪಿಸುಮಾತು. ನಾನ್ಯಾಕೆ ಇಲ್ಲಿದ್ದೀನಿ? ಎದ್ದು ಹೋಗಲೇ? ಅಂದುಕೊಳ್ಳುತ್ತಲೇ ಕೊನೆಯವರೆಗೆ ಕೂತಳು.

ಹೊರಗೆ ಬಂದರೆ, ಗೇಟಿನ ಪಕ್ಕ ಅವನು! ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಬೆವರಿ ನೀರಾಗಿ.

"ಸ್ಕೂಟರ್ ಕೈಕೊಡ್ತು. ತಳ್ಕೊಂಡು ಬಂದೆ," ಎಂದ. ಆಮೇಲೆ ದನಿ ತಗ್ಗಿಸಿ, "ನನಗೆ ಇದ್ರಲ್ಲಿ ನಂಬಿಕೆ ಇಲ್ಲ ಕಣೇ. ಒಳಗೂ ಬರಲ್ಲ. ಹೊರಗೆ ಕಾಯ್ಬಹುದಾ?"

"ಒಂದಿನ ನಂಗೇ ಇದು ಬೇಡ ಅನ್ನಿಸಿದ್ರೆ? ನಾನಿನ್ನೂ ಗಟ್ಟಿಯಾಗಿಲ್ಲ..."

"ಬೇಡ ಅನ್ನಿಸಿದ ದಿನ ಬೇಗ ಮನೆಗೆ ಹೋಗೋಣ."

"ಮತ್ತೆ ನಿಮ್ಮಣ್ಣನ ಹಾಗೆ ನಿನ್ನ ಮರೆತ್ರೆ?"

"ಜಗಳ ಆಡ್ತೀನಿ. ನಿನ್ನ ಜೊತೆ... ಅವನ ಜೊತೆಗೂ!" ಎಂದು ಮಂದಿರದ ಕಡೆ ಬೆರಳು ತೋರಿಸಿದ.

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಇಬ್ಬರೂ ಸೇರಿ ಸ್ಕೂಟರ್ ತಳ್ಳತೊಡಗಿದರು.

"ಒಳಗೆ ಏನು ಕೇಳ್ಕೊಂಡೆ?"

"ಏನೂ ಕೇಳಲಿಲ್ಲ. ನಿನ್ನ ವಿಷಯ ಹೇಳ್ದೆ."

"ಏನಂತ?"

"ಒಬ್ಬ ಇದ್ದಾನೆ, ನಿನ್ನನ್ನ ನಂಬಲ್ಲ. ನಾನು ಸುಳ್ಳು ಹೇಳಿ ಅವನನ್ನೂ ನೋಯಿಸ್ದೆ. ಆದ್ರೂ ನಂಗೆ ಅವನೇ ಬೇಕು ಅಂತ."

ಸ್ಕೂಟರ್ ನಿಂತಿತು. ಹ್ಯಾಂಡಲ್ ಮೇಲಿದ್ದ ಅವಳ ಕೈಯ ಮೇಲೆ ಅವನು ತನ್ನ ಕೈಯಿಟ್ಟ.

"ಅಷ್ಟು ದೂರ ಹೋಗಿ ಹೇಳಿದ್ಯಾ? ನನಗೇ ಹೇಳಬಹುದಿತ್ತಲ್ಲ!"

"ಈಗ ಹೇಳಿದ್ನಲ್ಲ..."